ಎರಡು ಕೋಲಾರ

"ಕಣ್ಣಲ್ಲಿ ನೋಡಿದ್ಯೋ, ಎಣಿಸಿ ನೋಡಿದ್ಯೋ?"

ಅಕ್ಕ (ಒಡಹುಟ್ಟಿದವರಲ್ಲ, ಕಸುಬಿನಲ್ಲಿ ನನಗಿಂತ ಹಿರಿಯರು) ಈ ಪ್ರಶ್ನೆ ಕೇಳಿ ಎರಡು ವರ್ಷದ ಮೇಲಾಯಿತು. ಆವತ್ತು ಸಮಸ್ಯೆ ಬಗೆಹರಿಯಿತು, ರೈತರ ಲೆಕ್ಕ ಸರಿಹೋಯಿತು, ಆ ಪ್ರೋಗ್ರಾಮು ಇವತ್ತಿಗೂ ಓಡುತ್ತಿದೆ. ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ. ಇದೇ ಮಾತನ್ನು ನನ್ನ ಹಳೆಯ ಆಫೀಸಿನಲ್ಲಿ ಯಾರಾದರೂ ಕೇಳಿದ್ದರೆ ಮೈ ಉರಿದುಹೋಗುತ್ತಿತ್ತು. "ನೋಡಿದ್ದೀನಿ ಸಾರ್" ಎಂದು ಗಂಟಲು ಬಿಗಿಮಾಡಿಕೊಂಡು ಹೇಳಿ, ಇನ್ನೂ ನಾಲ್ಕು ದಿನ ಅಲ್ಲೇ ಒದ್ದಾಡುತ್ತಿದ್ದೆ. ಅಕ್ಕ ಕೇಳಿದಾಗ ನನಗೆ ಉತ್ತರ ಕೊಡಬೇಕು ಅಂತಲೂ ಅನ್ನಿಸಲಿಲ್ಲ, ಕೈ ತಾನಾಗಿ ಕೀಬೋರ್ಡಿಗೆ ಹೋಯಿತು. ಮಾತು ಅದೇ, ಕೇಳಿಸಿಕೊಂಡ ಕಿವಿಯೂ ನನ್ನದೇ. ಹಾಗಿದ್ದ ಮೇಲೆ ವ್ಯತ್ಯಾಸ ಎಲ್ಲಿಂದ ಬಂತು? ಅದನ್ನೇ ಇಲ್ಲಿ ಬಿಡಿಸಿ ನೋಡಬೇಕು ಅಂದುಕೊಂಡಿದ್ದೇನೆ.

ನಾನು ಕೋಲಾರದಲ್ಲೇ ಕೂತು ಟೊಮೆಟೊ ಮಂಡಿಗಳಿಗೆ ಲೆಕ್ಕದ ಪ್ರೋಗ್ರಾಮು ಬರೆಯುವವನು. ರೈತ ಎಷ್ಟು ಬಾಕ್ಸು ತಂದ, ಹರಾಜಿನಲ್ಲಿ ಎಷ್ಟಕ್ಕೆ ಹೋಯಿತು, ಕಮಿಷನ್ ಎಷ್ಟು, ಕೈಗೆ ಕೊಟ್ಟದ್ದೆಷ್ಟು, ಬಾಕಿ ಎಷ್ಟು, ಇಷ್ಟೇ. ನೋಡಲು ಸಣ್ಣ ಕೆಲಸ. ಆದರೆ 2023ರ ಜುಲೈ ನೆನಪಿರುವವರಿಗೆ ಗೊತ್ತು, ಆ ತಿಂಗಳು ನಮ್ಮ ಎಪಿಎಂಸಿಯಲ್ಲಿ 15 ಕೆಜಿಯ ಒಂದು ಬಾಕ್ಸು 2000 ರೂಪಾಯಿ ದಾಟಿ ಹೋಗಿತ್ತು. ಐವತ್ತು ಬಾಕ್ಸು ತಂದವನ ಹೆಸರು ಬಾಕಿ ಪಟ್ಟಿಯಲ್ಲಿ ಕಾಣದೆ ಹೋದರೆ ಅದು ಲಕ್ಷ ರೂಪಾಯಿಯ ಮಾತು. ಎಷ್ಟೋ ವರ್ಷ ಬೆಲೆ ಸಿಗದೆ ರಸ್ತೆ ಬದಿಗೆ ಸುರಿದು ಹೋದವನಿಗೆ ಒಮ್ಮೆ ದುಡ್ಡು ಬರುವ ಕಾಲದಲ್ಲಿ, ನಾನು ಬರೆದ ಪಟ್ಟಿಯಲ್ಲಿ ಅವನ ಹೆಸರೇ ಇಲ್ಲ.

ಆಗಿದ್ದು ಅದೇ. ವಾರದ ಬಾಕಿ ಪಟ್ಟಿ ತೆಗೆದಾಗ ಕೆಲವು ರೈತರು ಕಾಣೆ. ಅವರ ಬಿಲ್ಲು ಇದೆ, ಅವರ ದಾಖಲೆ ಇದೆ, ಎರಡನ್ನೂ ಕೂಡಿಸಿ ತೆಗೆದ ಪಟ್ಟಿಯಲ್ಲಿ ಮಾತ್ರ ಇಲ್ಲ. ಮಾಲೂರಿನ ರೈತರೆಲ್ಲ ಸರಿಯಾಗಿದ್ದಾರೆ. ಮುಳಬಾಗಿಲಿನವರೂ ಸರಿ. ಕೋಲಾರ, ಶ್ರೀನಿವಾಸಪುರ, ಬಂಗಾರಪೇಟೆಯವರಲ್ಲಿ ಕೆಲವರು ಇದ್ದಾರೆ, ಕೆಲವರಿಲ್ಲ. ಹೊಸದಾಗಿ ಸೇರಿದವರು ಬರುತ್ತಾರೆ, ಹಳಬರು ಬರುವುದಿಲ್ಲ. ಮೂರು ದಿನ ನೋಡಿದೆ. ತಾಲ್ಲೂಕಿನ ಹೆಸರು ಎರಡರಲ್ಲೂ ಒಂದೇ ಇದ್ದರೆ ಸೇರುವ ಹಾಗೆ ಎರಡು ಪಟ್ಟಿ ಕೂಡಿಸಿದ್ದೆ (ಹೆಸರಿನ ಬದಲು ಒಂದು ಸಂಖ್ಯೆ ಇಡಬೇಕಿತ್ತು, ಅದು ನನ್ನದೇ ತಪ್ಪು), ಹಾಗಾಗಿ ಮೊದಲ ಅನುಮಾನ ಹೆಸರಿನ ಮೇಲೇ ಬಂತು. ಹಿಂದೆ ಮುಂದೆ ಇದ್ದ ಖಾಲಿ ಜಾಗ ತೆಗೆದೆ. ಕನ್ನಡದಲ್ಲಿ ಕಣ್ಣಿಗೆ ಕಾಣದ ಜೋಡಕಗಳು ಸೇರಿಕೊಂಡು ಕಾಟ ಕೊಡುತ್ತವೆ ಎಂದು ಗೊತ್ತಿತ್ತು, ಅವನ್ನೂ ತೆಗೆದೆ. ಎರಡು ಹೆಸರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಕೋಲಾರ, ಕೋಲಾರ. ಕೂದಲೆಳೆಯ ವ್ಯತ್ಯಾಸವಿಲ್ಲ. ಸರಿ, ಹೆಸರು ಸರಿಯಾಗಿದೆ ಎಂದು ಪಾಸು ಮಾಡಿ, ಉಳಿದ ಕಡೆಯೆಲ್ಲ ಹುಡುಕುತ್ತ ಹೋದೆ. ತಾರೀಖು, ರದ್ದಾದ ಬಿಲ್ಲು, ಡೇಟಾಬೇಸಿನ ಇಂಡೆಕ್ಸು. ಮೂರನೇ ರಾತ್ರಿ ಎರಡು ಗಂಟೆಗೆ ಪಟ್ಟಿಯನ್ನೆಲ್ಲ ಕೈಯಲ್ಲೇ ತಿದ್ದಿ ಮಂಡಿಯವರಿಗೆ ಕಳಿಸಿ ಮಲಗಿದೆ. ಅಂಥ ರಾತ್ರಿ ನಿದ್ದೆ ಎಂಥದ್ದಿರುತ್ತದೆ ಎಂದು ಈ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಮಾರನೇ ದಿನ ಅಕ್ಕ ಬೇರೆ ಯಾವುದಕ್ಕೋ ಫೋನ್ ಮಾಡಿದ್ದರು. ನನ್ನ ದನಿ ಕೇಳಿಯೇ "ಯಾಕೋ, ಎಲ್ಲಿ ಸಿಕ್ಕಾಕೊಂಡಿದ್ದೀಯ?" ಅಂದರು. ಹೇಳಿದೆ. ಮಧ್ಯೆ ಬಾಯಿ ಹಾಕಲಿಲ್ಲ. ಕೊನೆಗೆ, "ಹೆಸರು ಎರಡೂ ಒಂದೇ, ಅದು ನೋಡಿದ್ದೀನಿ ಅಕ್ಕ" ಅಂದಾಗ ಆ ಪ್ರಶ್ನೆ ಬಂತು. ಕಣ್ಣಲ್ಲೋ, ಎಣಿಸಿಯೋ?

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪದದಲ್ಲಿ ಎಷ್ಟು ಗುರುತುಗಳಿವೆ ಎಂದು ಎಣಿಸುವುದು ಅರ್ಧ ಸಾಲಿನ ಕೆಲಸ. ಒಂದು ಕೋಲಾರಕ್ಕೆ 5 ಬಂತು. ಇನ್ನೊಂದು ಕೋಲಾರಕ್ಕೆ 7.

ನಾನು ಫೋನಿನಲ್ಲಿ ಏನೂ ಮಾತಾಡಲಿಲ್ಲ. ಅಕ್ಕನೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕೆವು.

ಓತ್ವದ ದೀರ್ಘ

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಡೇಟಾ ಇಟ್ಟುಕೊಂಡು ಕೆಲಸ ಮಾಡುವವರು ಒಂದಲ್ಲ ಒಂದು ದಿನ ಈ ಗುಂಡಿಗೆ ಕಾಲು ಹಾಕುತ್ತಾರೆ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು 'ಕೋ' ಬರೆಸಿದ್ದು ನೆನಪು ಮಾಡಿಕೊಳ್ಳಿ. ಮೊದಲು ಕ, ಅದಕ್ಕೆ ಏತ್ವ, ಆಮೇಲೆ ಕೊಂಬಿನ ಇಳಿ, ಕೊನೆಗೆ ಪಕ್ಕದಲ್ಲಿ ಒಂದು ದೀರ್ಘ. ಕೈ ಇಷ್ಟು ಸಲ ತಿರುಗಬೇಕು. ಕಂಪ್ಯೂಟರು ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಪದ್ಧತಿಯಾದ ಯೂನಿಕೋಡಿನಲ್ಲಿ ಓತ್ವದ ದೀರ್ಘವನ್ನು ಒಂದೇ ಗುರುತಾಗಿಯೂ ಇಡಬಹುದು, ನಮ್ಮ ಕೈ ಬರೆಯುವ ಹಾಗೆ ಮೂರು ತುಂಡಾಗಿಯೂ ಇಡಬಹುದು. ಎರಡೂ ಸರಿ, ಎರಡೂ ತೆರೆಯ ಮೇಲೆ ಒಂದೇ ಥರ ಮೂಡುತ್ತವೆ. ನಮ್ಮ ಕಣ್ಣಿಗೆ ಅದು ಒಂದೇ ಊರು, ಡೇಟಾಬೇಸಿಗೆ ಎರಡು ಬೇರೆ ಬೇರೆ ಪದ. ಶ್ರೀನಿವಾಸಪುರದ 'ಶ್ರೀ'ಯಲ್ಲಿ ಗುಡಿಸಿನ ದೀರ್ಘವಿದೆ, ಅದು ಎರಡು ತುಂಡಾಗುತ್ತದೆ. ಬಂಗಾರಪೇಟೆಯ 'ಪೇ' ಕೂಡ ಹಾಗೇ. ಮಾಲೂರಿನಲ್ಲಿ ಹಾಗೆ ಒಡೆಯುವ ಅಕ್ಷರವಿಲ್ಲ, ಮುಳಬಾಗಿಲಿನಲ್ಲಿಯೂ ಇಲ್ಲ. ಮೂರು ದಿನ ನನ್ನ ತಲೆ ಕೆಡಿಸಿದ ಆ ತಾಲ್ಲೂಕುಗಳ ಗುಟ್ಟು ಒಂದನೇ ಕ್ಲಾಸಿನ ಕಾಗುಣಿತದಲ್ಲಿತ್ತು.

ತುಂಡಾದ ಹೆಸರುಗಳು ಬಂದದ್ದೆಲ್ಲಿಂದ ಎಂದು ಆಮೇಲೆ ಸಿಕ್ಕಿತು. ಮಂಡಿಯವರ ಹಳೇ ರೈತರ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡಿ, ತಾಲ್ಲೂಕಿಗೊಂದು ಫೋಲ್ಡರ್ ಮಾಡಿ, ಆಪಲ್ ಕಂಪನಿಯ ಒಂದು ಹಳೇ ಮ್ಯಾಕ್‌ನಲ್ಲಿ ಇಟ್ಟಿದ್ದರು. ಆ ಫೋಲ್ಡರುಗಳ ಹೆಸರಿನಿಂದಲೇ ನಾನು ಪಟ್ಟಿ ತಯಾರಿಸಿದ್ದೆ. 2017ಕ್ಕೆ ಮುಂಚಿನ ಮ್ಯಾಕ್‌ಗಳಲ್ಲಿದ್ದ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಒಡೆದೇ ಇಟ್ಟುಕೊಳ್ಳುತ್ತಿತ್ತು. ಹೊಸ ರೈತರನ್ನು ಗುಮಾಸ್ತರು ಕೀಬೋರ್ಡಿನಲ್ಲಿ ಬರೆದು ಸೇರಿಸುತ್ತಿದ್ದರು, ಅವು ಇಡಿಯಾಗಿ ಬರುತ್ತಿದ್ದವು. ಎಲ್ಲ ಹೆಸರನ್ನೂ ಒಳಕ್ಕೆ ಬರುವಾಗಲೇ ಒಂದೇ ರೂಪಕ್ಕೆ ತರುವ ಒಂದು ಸಾಲು ಬರೆದೆ. ಎನ್‌ಎಫ್‌ಸಿ ಎಂದು ಆ ರೂಪಕ್ಕೆ ಹೆಸರು, ಅದರಲ್ಲಿ ತುಂಡುಗಳು ಸೇರಿ ಇಡಿಯಾಗುತ್ತವೆ. ಹಳೆಯ ದಾಖಲೆಗಳನ್ನೂ ಅದೇ ರೂಪಕ್ಕೆ ತಂದೆ. ಕಾಣೆಯಾದವರೆಲ್ಲ ಪಟ್ಟಿಗೆ ವಾಪಸು ಬಂದರು.

ನನಗೆ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಅದಕ್ಕೂ ಎರಡು ವಾರ ಮುಂಚೆ ಮಂಡಿಯ ಗುಮಾಸ್ತರು ನನ್ನನ್ನು ಕೇಳಿದ್ದರು: "ಸಾರ್, ಇದರಲ್ಲಿ ಕೋಲಾರ ಎರಡೆರಡು ಸಲ ಬರ್ತದೆ, ಯಾವ್ದನ್ನ ಒತ್ತಲಿ?" ನಾನು ಕೆಲಸದ ಗಡಿಬಿಡಿಯಲ್ಲಿ, "ಯಾವ್ದಾದ್ರೂ ಒತ್ತಿ, ಎರಡೂ ಒಂದೇ" ಅಂದಿದ್ದೆ. ಮೂವತ್ತು ವರ್ಷದಿಂದ ಮಂಡಿ ಲೆಕ್ಕ ಬರೆದ ಮನುಷ್ಯ. ಒಂದು ಪೈಸೆ ಹೆಚ್ಚು ಕಡಿಮೆಯಾದರೆ ಊಟ ಬಿಟ್ಟು ಹುಡುಕುವವರು. ಎರಡು ಕೋಲಾರ ಇದೆ ಎಂದು ಅವರು ಬಾಯಿ ಬಿಟ್ಟು ಹೇಳಿದ್ದಾರೆ, ನಾನು ಕಿವಿಗೆ ಹಾಕಿಕೊಂಡಿಲ್ಲ. ಅವರಿಗೆ ಕಂಪ್ಯೂಟರ್ ಬರುವುದಿಲ್ಲ ಎನ್ನುವ ಒಂದು ತೀರ್ಮಾನ ನನ್ನೊಳಗೆ ಎಲ್ಲೋ ಕೂತಿತ್ತು. ಅವರ ಕಸುಬನ್ನು ನಾನು ನಂಬಿದ್ದರೆ, ಇವರು ಎರಡು ಅಂದರೆ ಎರಡೇ ಇರಬೇಕು ಎಂದು ಅಲ್ಲೇ ಎಣಿಸುತ್ತಿದ್ದೆ.

ರೈಲಿನ ಮಾತು

ಅಕ್ಕನ ಪರಿಚಯವಾದದ್ದು ಬೆಂಗಳೂರಿನ ಆಫೀಸಿನಲ್ಲಿ, ಸಲಿಗೆ ಬೆಳೆದದ್ದು ರೈಲಿನಲ್ಲಿ. ನಾನು ಬೆಳಿಗ್ಗೆ ಕೋಲಾರದಿಂದ ಬಂಗಾರಪೇಟೆಗೆ ಹೋಗಿ ರೈಲು ಹತ್ತುತ್ತಿದ್ದೆ, ಅವರು ಮಾಲೂರಿನಲ್ಲಿ ಹತ್ತುತ್ತಿದ್ದರು. ಟೇಕಲ್ ದಾಟಿದ ಮೇಲೆ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಟ್ಟು, ಕೇಳಿದವರಿಗೆಲ್ಲ "ಬರ್ತಾರೆ" ಎಂದು ಹೇಳುತ್ತ ಕೂರುವುದು ನನ್ನ ಕೆಲಸ. ಆಫೀಸಿನಲ್ಲಿ ಅವರು ನನಗಿಂತ ಎಂಟು ವರ್ಷ ಸೀನಿಯರ್, ಎಲ್ಲರ ಹಾಗೆ ನಾನೂ ಮೇಡಂ ಅನ್ನುತ್ತಿದ್ದೆ. ರೈಲಿನಲ್ಲಿ ಅದು ಯಾವಾಗಲೋ ಅಕ್ಕ ಆಯಿತು.

ಸೇರಿ ಆರು ತಿಂಗಳಾಗಿತ್ತು. ಒಂದು ಸಂಜೆ ವೈಟ್‌ಫೀಲ್ಡ್ ದಾಟಿ ಸ್ವಲ್ಪ ಜನ ಇಳಿದು ಗಾಳಿ ಆಡುವಷ್ಟು ಜಾಗವಾದ ಮೇಲೆ, ಅವರಾಗಿಯೇ ಒಂದು ಕತೆ ಹೇಳಿದರು. ಎರಡನೇ ವರ್ಷದ ಕೆಲಸದಲ್ಲಿ, ಒಬ್ಬ ಗ್ರಾಹಕನ ವಿಳಾಸ ತಿದ್ದಲು ಹೋಗಿ, 'ಯಾರದು' ಎಂದು ಹೇಳುವ ಷರತ್ತಿನ ಸಾಲು ಬಿಟ್ಟುಹೋಗಿ, ಟೇಬಲ್ಲಿನಲ್ಲಿದ್ದ ಅಷ್ಟೂ ಜನರ ವಿಳಾಸ ಒಂದೇ ಆಗಿಬಿಟ್ಟಿತ್ತಂತೆ. ಕೈ ನಡುಗುತ್ತ ಶೌಚಾಲಯಕ್ಕೆ ಹೋಗಿ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ನಿಂತಿದ್ದರಂತೆ. "ಆ ಹತ್ತು ನಿಮಿಷ ಸುಮ್ನೆ ವೇಸ್ಟ್ ಮಾಡ್ದೆ ಕಣೋ. ಆಗ್ಲೇ ಹೇಳಿದ್ರೆ ಹಳೇ ಬ್ಯಾಕಪ್ಪಿಂದ ಬೇಗ ತರಬಹುದಿತ್ತು," ಅಂದರು. ಅವರಿಗೆ ಕೊರಗು ತಪ್ಪು ಮಾಡಿದ್ದಕ್ಕಿಂತ ಆ ಹತ್ತು ನಿಮಿಷದ ಮೇಲೆ.

ಈ ಕತೆ ನನಗೆ ಹೇಳಬೇಕಾದ ಅಗತ್ಯ ಅವರಿಗಿರಲಿಲ್ಲ. ನಾನು ಇದನ್ನು ಆಫೀಸಿನಲ್ಲಿ ಹಂಚಿಕೊಂಡು ಓಡಾಡಬಹುದಿತ್ತು. ಹಾಗೆ ಮಾಡುವುದಿಲ್ಲ ಎಂದು ಮೊದಲು ಅವರು ನನ್ನನ್ನು ನಂಬಿದರು. ಅಲ್ಲಿಂದ ಮುಂದೆ ನನ್ನ ದಡ್ಡತನಗಳನ್ನು ಅವರ ಮುಂದೆ ಇಡುವುದು ನನಗೆ ಕಷ್ಟವಾಗಲಿಲ್ಲ. ದೊಡ್ಡವರು ಮೊದಲು ಕೈ ಚಾಚಬೇಕು ಎಂದು ನನಗೆ ಈಗಲೂ ಬಲವಾಗಿ ಅನ್ನಿಸುತ್ತದೆ. ಕೆಲಸಕ್ಕೆ ಸೇರಿದ ಹುಡುಗ ಬಂದು ತಾನಾಗಿ ನಂಬಿಕೆ ಹುಟ್ಟಿಸಲಿ ಎಂದು ಕಾಯುತ್ತ ಕೂತರೆ ಅದು ಹುಟ್ಟುವುದಿಲ್ಲ. ಅವನು ಕಳೆದುಕೊಳ್ಳುವುದು ಜಾಸ್ತಿ ಇರುತ್ತದೆ.

ಆ ಆಫೀಸಿನ ಗಾಳಿ ಬೇರೆಯೇ ಇತ್ತು. ಪ್ರಶ್ನೆ ಕೇಳಿದರೆ ಮೊದಲ ಉತ್ತರ "ಗೂಗಲ್ ಮಾಡಿದ್ಯಾ?" ಎರಡನೆಯದು "ಡಾಕ್ಯುಮೆಂಟ್ ಓದಿದ್ಯಾ?" ಹಾಗೆ ಮರುಪ್ರಶ್ನೆ ಹಾಕಿದವರಿಗೆ ಅದು ಸಹಾಯ ಮಾಡುವ ರೀತಿ, ಕೇಳಿಸಿಕೊಂಡವನಿಗೆ ಪರೀಕ್ಷೆಯ ಕೊಠಡಿ. ನಾನು ಒಂದು ವರ್ಷ ಸ್ವಲ್ಪ ಹೆಚ್ಚೇ ಪ್ರಶ್ನೆ ಕೇಳಿದೆ. ವರ್ಷದ ಕೊನೆಯ ಮೌಲ್ಯಮಾಪನದಲ್ಲಿ 'ಸ್ವತಂತ್ರವಾಗಿ ಕೆಲಸ ಮಾಡುವುದನ್ನು ಕಲಿಯಬೇಕು' ಎಂದು ಬರೆದರು. ಮುಂದಿನ ವರ್ಷ ನಾನು ಯಾರನ್ನೂ ಕೇಳಲಿಲ್ಲ. ದಿನಾ ಬೆಳಿಗ್ಗೆ ನಿಂತುಕೊಂಡು ಮಾಡುವ ಮೀಟಿಂಗಿನಲ್ಲಿ "ಏನೂ ತೊಂದರೆ ಇಲ್ಲ" ಎಂದು ಹೇಳಿ ಬಂದು ಕೂತು, ಅರ್ಧ ದಿನದ ಕೆಲಸಕ್ಕೆ ವಾರ ತಿನ್ನುತ್ತಿದ್ದೆ. ಮೌಲ್ಯಮಾಪನ ಚೆನ್ನಾಗಿ ಬಂತು.

ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸಲು ಹೊರಟಿದ್ದರು. ಹೊಂದಿಕೊಂಡು ಕೆಲಸ ಮಾಡುವ ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಎಂದುಕೊಂಡಿದ್ದರು, ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿತ್ತು. ಬಿಡಿಸಿ ನೋಡಿದರೆ, ಆ ತಂಡಗಳಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದರು, ಉಳಿದ ಕಡೆ ಮುಚ್ಚಿಡುತ್ತಿದ್ದರು. ಇದನ್ನು ಓದಿದ ದಿನ ನನಗೆ ನನ್ನ ಆ ಎರಡು ವರ್ಷಗಳು ಕಣ್ಣ ಮುಂದೆ ಬಂದವು. ನಾನು ಚೆನ್ನಾಗಿದ್ದ ವರ್ಷದಲ್ಲಿ ನನ್ನ ಹೆಸರು ಕೆಟ್ಟಿತ್ತು, ನಾನು ಹಾಳಾಗಿದ್ದ ವರ್ಷದಲ್ಲಿ ಹೆಸರು ಬಂದಿತ್ತು.

ಬಾಕ್ಸಿನ ತಳಕ್ಕೆ ಕೈ

ನಮ್ಮ ಮಂಡಿಯಲ್ಲಿ ಹರಾಜು ನಡೆಯುವಾಗ ನಿಂತು ನೋಡಿದ್ದರೆ ಇದು ನಿಮ್ಮ ಕಣ್ಣಿಗೆ ಬಿದ್ದಿರುತ್ತದೆ. ಸಾಲಾಗಿ ಜೋಡಿಸಿದ ಬಾಕ್ಸುಗಳ ಮುಂದೆ ಖರೀದಿದಾರ ಬರುತ್ತಾನೆ, ಮೇಲಿನ ಹಣ್ಣು ನೋಡುತ್ತಾನೆ, ಆಮೇಲೆ ಅಂಗಿಯ ತೋಳು ಮೇಲೆ ಎಳೆದುಕೊಂಡು ಕೈಯನ್ನು ತಳದವರೆಗೂ ಇಳಿಸಿ ಅಲ್ಲಿಂದ ಎರಡು ಹಣ್ಣು ತೆಗೆದು ಹಿಸುಕಿ ನೋಡುತ್ತಾನೆ. ಹೊಸ ರೈತನಾದರೆ ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ, ನನ್ನ ಮೇಲೆ ಅನುಮಾನವೇ ಎಂದು. ಇಪ್ಪತ್ತು ವರ್ಷದಿಂದ ಒಬ್ಬನಿಗೇ ಮಾಲು ಕೊಡುವ ಹಳೇ ರೈತರನ್ನೂ ನೋಡಿದ್ದೇನೆ. ಅವರ ಬಾಕ್ಸಿಗೂ ಆ ಖರೀದಿದಾರ ಕೈ ಹಾಕುತ್ತಾನೆ. ರೈತ ಪಕ್ಕದಲ್ಲೇ ನಿಂತು ಬೀಡಿ ಹಚ್ಚುತ್ತಾ, ಮಗಳ ಮದುವೆ ವಿಷಯ ಮಾತಾಡುತ್ತಿರುತ್ತಾನೆ. ಕೈ ತಳಕ್ಕೆ ಹೋದದ್ದು ಅವನಿಗೆ ಲೆಕ್ಕಕ್ಕೇ ಇಲ್ಲ. ಒಮ್ಮೊಮ್ಮೆ ಅವನೇ, "ಎಡಗಡೆ ನಾಲ್ಕನೇದು ನೋಡಣ್ಣ, ನಿನ್ನೆ ಮಳೇಲಿ ಕಿತ್ತಿದ್ದು" ಎಂದು ತೋರಿಸುತ್ತಾನೆ.

ಅಕ್ಕನ ಪ್ರಶ್ನೆ ನನಗೆ ಯಾಕೆ ಚುಚ್ಚಲಿಲ್ಲ ಎಂದು ನನಗೆ ಗೊತ್ತಾದದ್ದು ಈ ಹಳೇ ರೈತರನ್ನು ನೋಡುತ್ತಾ. ಒಂದು ಕಡೆ ಸಿಕ್ಕಿಕೊಂಡಿದ್ದೇವೆ ಅಂದರೆ ಸಾಮಾನ್ಯವಾಗಿ ಅರ್ಥ ಇಷ್ಟೇ: ನಮಗೆ ಅನುಮಾನ ಇರುವ ಜಾಗವನ್ನೆಲ್ಲ ನೋಡಿ ಮುಗಿದಿದೆ, ತಪ್ಪು ಇರುವುದು ನಾವು ಪಾಸು ಮಾಡಿದ ಜಾಗದಲ್ಲಿ. ಅಲ್ಲಿಗೆ ನಮ್ಮ ಕೈ ನಾವಾಗಿ ಹೋಗುವುದಿಲ್ಲ. ಇನ್ನೊಬ್ಬರ ಕೈಯೇ ಹೋಗಬೇಕು. ಆದರೆ ಅದು ನಾವು 'ಇದು ಸರಿ' ಎಂದು ಬಾಯಲ್ಲಿ ಹೇಳಿದ ಜಾಗ, ಅಲ್ಲಿಗೆ ಕೈ ಹಾಕುವುದು ನಮ್ಮ ಮಾತಿಗೇ ಕೈ ಹಾಕಿದ ಹಾಗೆ. ಅಪರಿಚಿತ ಹಾಕಿದರೆ ಅವಮಾನ. ನನ್ನ ಕಸುಬು ಗೊತ್ತಿದ್ದವರು, ನಾನು ಮೂರು ದಿನ ಸುಮ್ಮನೆ ಕೂತಿರಲಾರೆ ಎಂದು ಬಲ್ಲವರು ಹಾಕಿದರೆ ಅದು ಹುಡುಕಾಟದ ಮುಂದಿನ ಹೆಜ್ಜೆ. ಅಕ್ಕ ಖಾಲಿ ಜಾಗ ತೆಗೆದ್ಯಾ, ಫಾಂಟ್ ನೋಡಿದ್ಯಾ ಎಂದು ಕೇಳಲೇ ಇಲ್ಲ. ಅಷ್ಟನ್ನು ನಾನು ಮಾಡಿರುತ್ತೇನೆ ಎಂದು ನಂಬಿದ್ದರು. ಆ ನಂಬಿಕೆಯಿಂದಲೇ ಅವರ ಪ್ರಶ್ನೆ ನೇರ ತಳಕ್ಕೆ ಇಳಿಯಿತು.

ಅಂದಹಾಗೆ, ಆ ಮೂರು ದಿನದಲ್ಲಿ ನಾನು ಕೃತಕ ಬುದ್ಧಿಮತ್ತೆಯ ಚಾಟನ್ನೂ ಕೇಳಿದ್ದೆ. ಅದು ಹದಿನೈದು ಕಾರಣ ಪಟ್ಟಿ ಮಾಡಿ ಕೊಟ್ಟಿತು. ಅದರಲ್ಲಿ ಸರಿಯಾದ ಉತ್ತರವೂ ಎಲ್ಲೋ ಒಂದು ಕಡೆ ಇತ್ತು, ಆಮೇಲೆ ಹೋಗಿ ನೋಡಿದೆ. ಆದರೆ ನಾನು ಹೆಸರು ಸರಿ ಇದೆ ಎಂದು ಬರೆದ ಮೇಲೆ ಅದು ನನ್ನ ಮಾತು ಒಪ್ಪಿಕೊಂಡು ಮುಂದಕ್ಕೆ ಹೋಯಿತು. ನಾನು ಎಲ್ಲಿ ಅವಸರ ಮಾಡುತ್ತೇನೆ ಎಂದು ಅದಕ್ಕೆ ಗೊತ್ತಿಲ್ಲ. ಅಕ್ಕನಿಗೆ ಗೊತ್ತು: ನಾನು ಕಣ್ಣಲ್ಲಿ ನೋಡಿದ್ದನ್ನು ಬೇಗ ನಂಬುವವನು.

ಐದೂವರೆಗೆ ಮುಂಚಿನ ಹೂವು

ಇಷ್ಟಕ್ಕೇ ನಿಲ್ಲಿಸಿದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ನಂಬಿಕೆ ಅತಿಯಾದರೆ ಏನಾಗುತ್ತದೆ ಎಂದೂ ನಾನು ನೋಡಿದ್ದೇನೆ, ಆ ಸಲ ತಪ್ಪು ನನ್ನದು.

ಮರುವರ್ಷ, ಗೌರಿ ಗಣೇಶ ಹಬ್ಬದ ಹಿಂದುಮುಂದು. ಅಷ್ಟು ಹೊತ್ತಿಗೆ ಅಕ್ಕನೂ ಆಫೀಸು ಬಿಟ್ಟು ಸ್ವಂತ ಕೆಲಸ ಶುರು ಮಾಡಿದ್ದರು. ಚಿಕ್ಕಬಳ್ಳಾಪುರದ ಒಂದು ಹೂವಿನ ಮಂಡಿಗೆ ಬಿಲ್ಲಿಂಗ್ ಮಾಡಿಕೊಟ್ಟಿದ್ದರು. ರಾತ್ರಿ ಒಂಬತ್ತಕ್ಕೆ ಫೋನ್. ದಿನದ ವರದಿಗೂ ಗಲ್ಲಾಪೆಟ್ಟಿಗೆಯ ದುಡ್ಡಿಗೂ ತಾಳೆ ಆಗುತ್ತಿಲ್ಲ, ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ. ಹಬ್ಬದ ಕಾಲ, ಸೇವಂತಿಗೆಯ ವ್ಯಾಪಾರ ಜೋರು, ವ್ಯತ್ಯಾಸವೂ ದೊಡ್ಡದು. ಮಂಡಿಯ ಯಜಮಾನರು ಕೆಲಸದ ಹುಡುಗನ ಮೇಲೆ ಕಣ್ಣಿಟ್ಟಿದ್ದಾರೆ. "ಟೈಮ್‌ಝೋನ್ ನೋಡಿದ್ದೀನಿ, ಅದನ್ನ ಬಿಡು, ಬೇರೆ ಏನು ಹೊಳೆಯತ್ತೆ ಹೇಳು," ಅಂದರು.

ಟೈಮ್‌ಝೋನ್ ಅಂದರೆ ಯಂತ್ರ ಯಾವ ದೇಶದ ಸಮಯ ಹಿಡಿದು ಓಡುತ್ತಿದೆ ಎನ್ನುವುದು. ಅದನ್ನು ಬಿಟ್ಟೆ. ಎರಡು ರಾತ್ರಿ ಇಬ್ಬರೂ ಕೂತು ಗ್ರಾಮಿನ ಲೆಕ್ಕ, ರದ್ದಾದ ಬಿಲ್ಲು, ಪೈಸೆ ಸುತ್ತು ಮಾಡುವ ಜಾಗ ಎಲ್ಲ ಜಾಲಾಡಿದೆವು. ಮೊದಲ ರಾತ್ರಿಯೇ ನಾನು ತಪ್ಪಾದ ಬಿಲ್ಲುಗಳನ್ನು ಸಮಯದ ಪ್ರಕಾರ ಜೋಡಿಸಿ ನೋಡಿದ್ದೆ. ಆ ಮಂಡಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಹೂವು ತೂಗಲು ಶುರು. 5 ಗಂಟೆ 28 ನಿಮಿಷದ ಬಿಲ್ಲು ಹಿಂದಿನ ದಿನಕ್ಕೆ ಹೋಗಿತ್ತು, 5 ಗಂಟೆ 31 ನಿಮಿಷದ್ದು ಸರಿಯಾದ ದಿನಕ್ಕೆ. ಭಾರತದಲ್ಲಿ ಪ್ರೋಗ್ರಾಮು ಬರೆಯುವ ಯಾರಿಗೂ ಐದೂವರೆ ಎಂಬ ಸಂಖ್ಯೆಯನ್ನು ವಿವರಿಸಬೇಕಿಲ್ಲ. ಜಗತ್ತಿನ ಯುಟಿಸಿ ಗಡಿಯಾರಕ್ಕಿಂತ ನಾವು ಐದೂವರೆ ಗಂಟೆ ಮುಂದೆ. ನಮ್ಮ ಬೆಳಗಿನ 5:30ಕ್ಕೆ ಅಲ್ಲಿ ತಾರೀಖು ಬದಲಾಗುತ್ತದೆ. ಉತ್ತರ ನನ್ನ ಕಣ್ಣ ಮುಂದೆಯೇ ಇತ್ತು. ಆದರೂ ಅಕ್ಕ ನೋಡಿದ್ದೀನಿ ಅಂದಿದ್ದಾರಲ್ಲ, ಅವರು ನೋಡಿದ ಮೇಲೆ ನಾನು ಏನು ಹೇಳುವುದು ಎಂದು ಸುಮ್ಮನಾದೆ. ಇದು ಕಾಕತಾಳೀಯವಿರಬೇಕು ಎಂದುಕೊಂಡೆ. ಎರಡನೇ ರಾತ್ರಿ ಹನ್ನೊಂದಕ್ಕೆ, ಬೇರೆ ದಾರಿಯೆಲ್ಲ ಮುಚ್ಚಿದ ಮೇಲೆ, ಹೆದರುತ್ತಲೇ ಹೇಳಿದೆ.

"ಯಾವಾಗ ಕಾಣಿಸ್ತು ನಿಂಗೆ?"

"ನಿನ್ನೆ ರಾತ್ರಿ."

"ಮತ್ತೆ ಬಾಯಿ ಬಿಡೋಕೇನಾಗಿತ್ತು?"

"ನೀವು ನೋಡಿದ್ದೀನಿ ಅಂದ್ರಲ್ಲ ಅಕ್ಕ."

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸಿತು, ಆ ಹೊತ್ತಿನಲ್ಲಿ ಇನ್ನೂ ಅಡುಗೆ ಆಗಿರಲಿಲ್ಲ. "ನಾನು ನೋಡಿದ್ದು ನನ್ನ ಲ್ಯಾಪ್‌ಟಾಪಲ್ಲಿ ಕಣೋ. ಹೋದ ತಿಂಗಳು ಸರ್ವರ್ ಬದಲಾಯಿಸಿದ್ದು ತಲೇಲೇ ಇರ್ಲಿಲ್ಲ. ಯಾವ ಮಷಿನಲ್ಲಿ ನೋಡಿದ್ರಿ ಅಂತ ನೀನು ಒಂದ್ ಮಾತು ಕೇಳಿದ್ರೆ ಸಾಕಿತ್ತು. ನಿನ್ನ ಹತ್ರ ನಾನು ಬಂದಿದ್ದು ಪೂಜೆ ಮಾಡಿಸ್ಕೊಳ್ಳೋಕಲ್ಲ."

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಒಂದು ಯಂತ್ರದಲ್ಲಿ ಹಾಕುವಾಗ ಅದು ಆ ಯಂತ್ರದ ಗಡಿಯಾರದ ವಲಯವನ್ನೇ ತನ್ನದು ಮಾಡಿಕೊಳ್ಳುತ್ತದೆ. ಅಕ್ಕನ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿತ್ತು. ಕ್ಲೌಡಿನ ಹೊಸ ಯಂತ್ರ ಯುಟಿಸಿಯಲ್ಲಿತ್ತು. ಬಿಲ್ಲಿನ ಸಮಯ ಎರಡರಲ್ಲೂ ಸರಿಯಾಗಿಯೇ ಕೂತಿತ್ತು, ಅದನ್ನು ದಿನಗಳಾಗಿ ಭಾಗ ಮಾಡಿ ಕೂಡುವಾಗ ಮಾತ್ರ ಯಾವ ಊರಿನ ದಿನ ಎಂಬುದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತಿತ್ತು. ವರದಿಯಲ್ಲಿ ಭಾರತದ ವಲಯವನ್ನು ಹೆಸರು ಹಿಡಿದು ಬರೆದ ಮೇಲೆ ಸರಿಹೋಯಿತು. ಮಂಡಿಯ ಹುಡುಗನ ಮೇಲಿದ್ದ ಅನುಮಾನವೂ ಹೋಯಿತು. ನಾನು ಒಂದು ದಿನ ಮುಂಚೆ ಬಾಯಿ ಬಿಟ್ಟಿದ್ದರೆ ಆ ಹುಡುಗ ಒಂದು ದಿನ ಕಡಿಮೆ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದ. ಅದು ನನ್ನ ಮನಸ್ಸಿನಲ್ಲಿ ಹಾಗೇ ಕೂತಿದೆ.

ಹಳೇ ಆಫೀಸಿನವರು ಮನುಷ್ಯನನ್ನೇ ನಂಬುತ್ತಿರಲಿಲ್ಲ, ಹಾಗಾಗಿ ಅವರ ಪ್ರಶ್ನೆ ನನಗೆ ಕೇಳಿಸುತ್ತಿರಲಿಲ್ಲ. ನಾನು ಅಕ್ಕನನ್ನು ಎಷ್ಟು ನಂಬಿದೆ ಅಂದರೆ ಪ್ರಶ್ನೆಯನ್ನೇ ಕೇಳಲಿಲ್ಲ. ಎರಡು ಕಡೆಯೂ ತಪ್ಪು ಇದ್ದಲ್ಲೇ ಉಳಿಯಿತು. ಗೌರವ ಎಂದು ನಾನು ಅಂದುಕೊಂಡದ್ದರಲ್ಲಿ ಸ್ವಲ್ಪ ಹೆದರಿಕೆಯೂ ಇತ್ತು, ಸ್ವಲ್ಪ ಸೋಮಾರಿತನವೂ ಇತ್ತು. ಅವರ ಮಾತು ತಪ್ಪಿರಬಹುದು ಎಂದು ಹೇಳಲು ಬೇಕಾದ ಧೈರ್ಯವನ್ನು ನಾನು ಖರ್ಚು ಮಾಡಲಿಲ್ಲ, ಅಷ್ಟೇ. ಅಕ್ಕ ನನಗೆ ರೈಲಿನಲ್ಲಿ ಕೊಟ್ಟದ್ದನ್ನು ನಾನು ಅವರಿಗೆ ತಿರುಗಿ ಕೊಡಬೇಕಾದ ದಿನ ಬಂದಾಗ ನನ್ನ ಕೈ ಹಿಂದಕ್ಕೆ ಹೋಯಿತು.

ಆ ರಾತ್ರಿಯ ನಂತರ ನಾವಿಬ್ಬರೂ ಮಾತಾಡುವ ರೀತಿ ಬದಲಾಗಿದೆ. ಯಾರೇ ಸಿಕ್ಕಿಕೊಂಡರೂ ಮೊದಲು ಕಂಡದ್ದನ್ನು ಹೇಳುತ್ತೇವೆ, ಎಲ್ಲಿ, ಯಾವ ಯಂತ್ರದಲ್ಲಿ, ಎಷ್ಟು ಹೊತ್ತಿಗೆ ಎಂದು ಸೇರಿಸಿ. ಆಮೇಲೆ ಊಹೆಯನ್ನು ಊಹೆ ಎಂದೇ ಹೇಳುತ್ತೇವೆ. 'ನೋಡಿದ್ದೀನಿ' ಅನ್ನುವ ಪದ ಬಂದ ಕೂಡಲೇ ಇನ್ನೊಬ್ಬರು ಅಲ್ಲೇ ತಡೆಯುತ್ತೇವೆ. ಈಗ ನನ್ನ ಜೊತೆ ಕೆಲಸ ಮಾಡುವ ಶ್ರೀನಿವಾಸಪುರದ ಹುಡುಗನಿಗೂ ಇದು ಅಭ್ಯಾಸವಾಗಿದೆ. ಮೊದಮೊದಲು ನಾನು ತಡೆದಾಗ ಅವನ ಮುಖ ಕೆಂಪಾಗುತ್ತಿತ್ತು. ನಾನು ಅವನಿಗೆ ಎರಡು ಕೋಲಾರದ ಕತೆ ಹೇಳಿದೆ, ಗುಮಾಸ್ತರಿಗೆ "ಯಾವ್ದಾದ್ರೂ ಒತ್ತಿ" ಎಂದು ಹೇಳಿದ್ದನ್ನೂ ಬಿಡದೆ ಹೇಳಿದೆ. ಮುಂದಿನ ವಾರ ಅವನೇ ಬಂದು, "ಸಾರ್, ನೀವು ಕಮಿಷನ್ ಲೆಕ್ಕ ಸರಿ ಇದೆ ಅಂದಿದ್ರಿ, ಯಾವ ಬಿಲ್ಲಿನ ಮೇಲೆ ನೋಡಿದ್ರಿ?" ಎಂದು ಕೇಳಿದ. ಕೇಳುವಾಗ ದನಿ ನಡುಗುತ್ತಿತ್ತು. ನಾನು ನೋಡಿದ್ದು ಮೂರೇ ಬಿಲ್ಲು. ಮೂರೂ ಸುತ್ತು ಸಂಖ್ಯೆಯ ಬಿಲ್ಲುಗಳು, ಪೈಸೆಯ ಮಾತೇ ಬರದಂಥವು. ಅವನು ಆಮೇಲೆ ತೋರಿಸಿದ ಬಿಲ್ಲಿನಲ್ಲಿ ತಪ್ಪಿತ್ತು.

ಈ ವಾರ ಇನ್ನೊಂದಕ್ಕೆ ಸಿಕ್ಕಿಕೊಂಡಿದ್ದೇವೆ. ಮಂಡಿಯ ಸಣ್ಣ ಪ್ರಿಂಟರಿನಲ್ಲಿ ಬಿಲ್ಲು ತೆಗೆದರೆ ಒತ್ತಕ್ಷರಗಳು ಕೆಲವೊಮ್ಮೆ ಜಾರಿ ಪಕ್ಕಕ್ಕೆ ಬೀಳುತ್ತಿವೆ, ರೈತರ ಹೆಸರೇ ಬೇರೆಯಾಗಿ ಓದುವ ಹಾಗೆ. ಒಂದೇ ಹೆಸರು ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು. ಹುಡುಗ ಕಾಗದ ಎಂದು ಹೇಳುತ್ತಾನೆ, ನಾನು ಫಾಂಟು ಎಂದು ಹೇಳುತ್ತೇನೆ, ಗುಮಾಸ್ತರು "ಬಿಸಿ ಆದ್ರೆ ಹಿಂಗಾಗ್ತದೆ ಸಾರ್" ಅನ್ನುತ್ತಾರೆ. ಅವರ ಮಾತನ್ನು ಈ ಸಲ ಮೊದಲನೆಯದಾಗಿ ಬರೆದುಕೊಂಡಿದ್ದೇನೆ. ಅಕ್ಕ ನಾಳೆ ಬೆಳಿಗ್ಗೆ ಮಾಲೂರಿನಿಂದ ಬರುತ್ತಾರೆ. ಎರಡು ದಿನದ ಬಿಲ್ಲುಗಳನ್ನೆಲ್ಲ, ತೆಗೆದ ಹೊತ್ತು ಬರೆದು, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದೇನೆ.